ತಪ್ಪಿಸಿಕೊಂಡ ಕುರಿ ಸಿಗುವ ಜಾಗ

ಗಣಿತವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ದಡ ಸೇರಿದ ದಿನವೇ, ಈ ಜನ್ಮಕ್ಕೆ ನಿನ್ನ ಸಹವಾಸ ಸಾಕು ಎಂದು ಅದಕ್ಕೆ ಕೈ ಮುಗಿದಿದ್ದೆ. ಆಮೇಲೆ ಪಶುವೈದ್ಯೆಯಾಗಿ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಒಂದು ಆಸ್ಪತ್ರೆಗೆ ಬಂದು, ದನ ಕುರಿ ಆಡುಗಳ ನಡುವೆ ನೆಮ್ಮದಿಯಾಗಿದ್ದೆ. ಕುರಿಗಳ ದೊಡ್ಡ ಗುಣವೆಂದರೆ ಅವು ಯಾವತ್ತೂ ಎಕ್ಸ್ ಎಷ್ಟು ಎಂದು ಕೇಳುವುದಿಲ್ಲ. ಹಾಗಿದ್ದವಳ ಬಾಗಿಲಿಗೆ ಹೋದ ವರ್ಷ ಗಣಿತವೇ ಬೈಕ್ ಹತ್ತಿಕೊಂಡು ಬಂತು.

ಅದು ಬಂದ ಹೊತ್ತಿಗೆ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ನಾಗಲಮಡಿಕೆಯ ಕಡೆ ಕುರಿಗಳಿಗೆ ಹಿರೇಬೇನೆ ಬಿದ್ದಿತ್ತು. ಮೊದಲು ಜ್ವರ, ಆಮೇಲೆ ಮೂಗು ಕಣ್ಣು ಸೋರುತ್ತವೆ, ಬಾಯೊಳಗೆ ಹುಣ್ಣು, ಭೇದಿ. ನೋಡುನೋಡುತ್ತಲೇ ಅರ್ಧ ಮಂದೆ ಮಣ್ಣು ಸೇರಬಹುದು. ಮೂಗಿಗೆ ಮೂಗು ತಾಗಿಸುವ ಕುರಿಗಳ ಪ್ರೀತಿಯೇ ಈ ರೋಗಕ್ಕೆ ದಾರಿ. ತಡೆಯಲು ಲಸಿಕೆಯಿದೆ, ಒಳ್ಳೆಯ ಲಸಿಕೆ. ಆದರೆ ಆ ಸಲ ಎಲ್ಲ ಕಡೆಗೂ ಒಟ್ಟಿಗೇ ಬೇಕಾಗಿ, ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ಒಂದು ಐಸ್ ಬಾಕ್ಸ್. ನನ್ನ ಹೋಬಳಿಯ ಹತ್ತು ಕುರಿಗಳಲ್ಲಿ ಒಂದಕ್ಕೆ ಸಾಲುವಷ್ಟು. ಉಳಿದದ್ದು ಬರಲು ಇನ್ನೂ ಒಂದು ತಿಂಗಳು ಬೇಕಿತ್ತು.

ಯಾರ ಕುರಿಗೆ ಹಾಕುವುದು? ಬೊಮ್ಮಪ್ಪನವರಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಹೋಬಳಿಯಲ್ಲೇ ದೊಡ್ಡ ಮಂದೆ ಅವರದು. ಕಾಯಲು ಆಳುಗಳಿದ್ದಾರೆ, ಮಾತಾಡಲು ತಾವೇ ಇದ್ದಾರೆ. ಬೆಳಿಗ್ಗೆಯೇ ಆಸ್ಪತ್ರೆಯ ಬೆಂಚಿನ ಮೇಲೆ ಬಂದು ಕೂತು, “ಡಾಕ್ಟ್ರಮ್ಮ, ನಮ್ ಕುರಿ ರೊಪ್ಪಕ್ಕೆ ಮೊದ್ಲು ಬಂದ್ಬುಡಿ. ದೊಡ್ಡ ಮಂದೆ ಉಳೀತು ಅಂದ್ರೆ ಊರೇ ಉಳ್ದಂಗೆ” ಎಂದರು. ನನಗೂ ಅದೇ ಸರಿ ಅನ್ನಿಸಿತ್ತು. ಒಂದೇ ಕಡೆ ಹೋಗಿ, ಒಂದೇ ದಿನ ಚುಚ್ಚಿ, ಕೈ ತೊಳೆದುಕೊಳ್ಳಬಹುದಿತ್ತು.

ಬೈಕ್ ಹತ್ತಿ ಬಂದವನು ಅಂಜನ್ ಕುಮಾರ್. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಹುಡುಗ, ಮೇಷ್ಟ್ರ ಮಗ. ತುಮಕೂರಿನಲ್ಲಿ ಕೂತು, ರೋಗಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತವೆ ಎನ್ನುವುದರ ಲೆಕ್ಕ ಮಾಡುವುದು ಅವನ ಸಂಶೋಧನೆ. ಆಸ್ಪತ್ರೆಯೆದುರಿನ ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಏನು ಬೇಕಪ್ಪಾ ಎಂದೆ.

“ಮೇಡಂ, ನಿಮ್ಮೆದುರಿಗೆ ಬಂದು ನಿಂತೋರ ಕುರಿಗೆ ಲಸಿಕೆ ಹಾಕ್ಬೇಡಿ. ನಿಮ್ಮ ಕುರಿ ಜೊತೆ ಸೇರೋ ಇನ್ನೊಂದು ಮಂದೆ ಯಾವುದು ಅಂತ ಅವರನ್ನ ಕೇಳಿ. ಅವರು ಯಾರ ಹೆಸರು ಹೇಳ್ತಾರೋ ಅವರ ಕುರಿಗೆ ಹಾಕಿ.”

“ಅಂದ್ರೆ ಎದುರಿಗೆ ಕೈಕಟ್ಟಿ ನಿಂತೋನ್ನ ಬಿಟ್ಟು, ಅವನು ತೋರಿಸಿದೋನ ಮನೆಗೆ ಹೋಗ್ಬೇಕು? ಯಾಕಪ್ಪಾ, ಈ ಊರಲ್ಲಿ ನಾನು ಬಾಳೋದು ನಿಂಗಿಷ್ಟ ಇಲ್ವಾ?”

ಅವನು ನಕ್ಕು ರಸ್ತೆಯ ಕಡೆ ತೋರಿಸಿದ. “ಇಲ್ಲಿ ಮೂರು ಟೀ ಅಂಗಡಿ ಇವೆ. ದಾರೀಲಿ ಹೋಗೋರನ್ನ ನಿಲ್ಲಿಸಿ, ಎಲ್ಲಿ ಟೀ ಕುಡಿದ್ರಿ ಅಂತ ಕೇಳಿ. ಆ ಮೂಲೆ ಅಂಗಡಿ ಹೆಸರು ಯಾರಾದ್ರೂ ಹೇಳ್ತಾರಾ?”

“ಅಲ್ಲಿ ನೊಣ ಬಿಟ್ರೆ ಇನ್ಯಾರೂ ಕೂರಲ್ಲ. ಯಾರು ಹೇಳ್ತಾರೆ?”

“ಅಷ್ಟೇ ಮೇಡಂ. ಖಾಲಿ ಅಂಗಡಿ ಹೆಸರು ಯಾರ ಬಾಯಲ್ಲೂ ಬರಲ್ಲ. ಜನ ತುಂಬಿದ ಅಂಗಡಿ ಹೆಸರು ಎಲ್ಲರ ಬಾಯಲ್ಲೂ ಬರುತ್ತೆ. ನೀವು ಕಣ್ಮುಚ್ಚಿ ಒಂದು ಮಂದೆ ಆರಿಸಿದ್ರೆ ಅದು ಎಲ್ಲದರ ಹಾಗೆ ಒಂದು ಮಂದೆ, ಅಷ್ಟೇ. ಆದ್ರೆ ಆ ಮಂದೆಯೋನು ಬೆರಳು ಮಾಡಿ ತೋರಿಸಿದ ಮಂದೆ ಇದ್ಯಲ್ಲ, ಅದಕ್ಕೆ ಒಡನಾಟ ಜಾಸ್ತಿ. ರೋಗ ಹೋಗೋ ದಾರೀನೂ ಅದೇ. ಯಾರ ಕುರಿ ಯಾರ ಜೊತೆ ಸೇರುತ್ತೆ ಅನ್ನೋ ನಕ್ಷೆ ನಮ್ಮ ಹತ್ರ ಇಲ್ಲ. ಬೇಕಾಗೂ ಇಲ್ಲ. ಕೇಳಿದ್ರೆ ಊರೇ ತೋರಿಸುತ್ತೆ.”

ನನ್ನ ಕೈಯಲ್ಲಿದ್ದ ಟೀ ಆರಿತು. ಇಷ್ಟು ಸಣ್ಣ ಮಾತು, ನಾನು ದಿನಾ ಕೂರುವ ಬೆಂಚಿನ ಮುಂದೆಯೇ ಇದ್ದ ಮಾತು, ನನಗೆ ಯಾಕೆ ಹೊಳೆದಿರಲಿಲ್ಲ?

“ಹಂಗಾದ್ರೆ ನನಗಿಂತ ನನ್ನ ಸ್ನೇಹಿತೆಯರಿಗೇ ಸ್ನೇಹಿತೆಯರು ಜಾಸ್ತಿ ಅಂತ ಮೊದಲಿಂದ ಅನ್ನಿಸ್ತಿತ್ತಲ್ಲ, ಅದು...”

“ಅದು ಹೊಟ್ಟೆಕಿಚ್ಚಲ್ಲ ಮೇಡಂ. ಲೆಕ್ಕ. ಬಹಳ ಜನಕ್ಕೆ ಹಾಗೇ ಇರುತ್ತೆ.”

ಐವತ್ತು ದಾಟಿದವಳಿಗೆ ಮೊದಲ ಸಲ ಗಣಿತ ಸಮಾಧಾನ ಹೇಳಿದ್ದು ಆವತ್ತು. ಬೊಮ್ಮಪ್ಪನವರಿಗೆ ನಾಳೆ ಹೇಳುತ್ತೇನೆ ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನ ಕುರಿಗಳು ನೀರಿಗೆ ಬರುವ ಹೊತ್ತು. ಕೆರೆಯ ಏರಿಯ ಆಲದ ಮರದಡಿ ಕುರಿ ಕಾಯುವವರೆಲ್ಲ ಕೂತಿದ್ದರು. ಅಂಜನ್ ಲ್ಯಾಪ್‌ಟಾಪ್ ತೆಗೆದು, ಒಂದೊಂದು ಮಂದೆಗೆ ಒಂದೊಂದು ಚುಕ್ಕೆ ಇಟ್ಟು, ಒಬ್ಬೊಬ್ಬರನ್ನೇ ಕೇಳತೊಡಗಿದ. ನಿಮ್ಮ ಕುರಿ ಯಾರ ಕುರಿ ಜೊತೆ ಸೇರುತ್ತೆ?

“ನಮ್ ಕುರಿ ಯಾರ್ ಜತೀಗೂ ಸೇರಾಕಿಲ್ಲ ಸಾ” ಎಂದ ಮೊದಲನೆಯವನು.

ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನಿಗೆ ಸಿಟ್ಟೇ ಬಂತು. “ಸೇರ್ಕಂತಾವೆ ಅಂದ್ರೆ ಏನರ್ಥ? ಕಾಯೋನು ನಿದ್ದೆ ಹೊಡೀತಾವ್ನೆ ಅಂತ್ಲಾ?”

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಕುರಿ ಕಾಯುವವನಿಗೆ ನಿನ್ನ ಕುರಿ ಇನ್ನೊಂದು ಮಂದೆಗೆ ಸೇರುತ್ತದಾ ಎಂದು ಕೇಳುವುದೂ, ನಿನಗೆ ಕೆಲಸ ಬರುವುದಿಲ್ಲ ಎನ್ನುವುದೂ ಒಂದೇ. ಅಷ್ಟೇ ಅಲ್ಲ, ಸೇರುತ್ತದೆ ಎಂದು ಒಪ್ಪಿಕೊಂಡರೆ, ಅವನ ಕುರಿ ನಿನ್ನ ಹತ್ತಿರ ಎಷ್ಟಿವೆ ಎಂಬ ಜಗಳ ಮರುದಿನವೇ ಶುರು. ಒಂದು ಗಂಟೆ ಕೇಳಿದರೂ ಒಂದು ಗೆರೆ ಬೀಳಲಿಲ್ಲ. ಚುಕ್ಕೆಗಳು ನೆಲಕ್ಕೆ ಚೆಲ್ಲಿದ ರಾಗಿಯ ಹಾಗೆ ಬಿಡಿಬಿಡಿಯಾಗಿ ಬಿದ್ದಿದ್ದವು.

“ಮೇಡಂ, ಇದರ ಪ್ರಕಾರ ಈ ಹೋಬಳೀಲಿ ರೋಗ ಹರಡೋದಕ್ಕೆ ಸಾಧ್ಯನೇ ಇಲ್ಲ” ಎಂದ ಅಂಜನ್, ಮುಖ ಸಣ್ಣದು ಮಾಡಿಕೊಂಡು.

ಅಷ್ಟರಲ್ಲಿ ದೊಡ್ಡರಂಗಪ್ಪ ಬೆವರು ಒರೆಸಿಕೊಳ್ಳುತ್ತ ಏರಿ ಹತ್ತಿದ. ಒಳ್ಳೆಯ ಟಗರು ಸಾಕಿ, ಮರಿ ಹಾಕಿಸಲು ಅಕ್ಕಪಕ್ಕದ ಊರಿಗೆಲ್ಲ ಅದನ್ನು ಎರವಲು ಕೊಡುವವನು. “ಲೇ, ನಂದೊಂದು ಬಿಳೀ ಕುರಿ ಇತ್ಲಾಗೇನಾದ್ರೂ ಬಂತೇನ್ಲಾ?” ಎಂದ.

“ಪುಟ್ಟಕ್ಕನ ರೊಪ್ಪದಾಗೆ ನೋಡ್ದಾ?” ಎಂದರು ಇಬ್ಬರು, ಒಟ್ಟಿಗೇ.

“ಅಲ್ಲಿಗೇ ಹೊಂಟಿವ್ನಿ ಕಣ್ಲಾ. ನೀರ್ ಕುಡಿಯಾಕೆ ನಿಂತ್ಕಂಡೆ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ. ಅಂಜನ್‌ನನ್ನು ಪಕ್ಕಕ್ಕೆ ಸರಿಸಿ ನಾನೇ ಮುಂದೆ ಕೂತೆ. ಸಿಟ್ಟಾಗಿದ್ದ ಆ ಮೂರನೆಯವನನ್ನೇ ಕೇಳಿದೆ, “ಯಜಮಾನ್ರೇ, ನಿಮ್ಮ ಕುರಿ ಒಂದು ತಪ್ಪಿಸಿಕೊಂಡ್ರೆ ಮೊದ್ಲು ಎಲ್ಲಿಗೆ ಹೋಗಿ ಹುಡುಕ್ತೀರಾ?”

“ಇನ್ನೆಲ್ಲಿ? ಪುಟ್ಟಕ್ಕನ ರೊಪ್ಪ. ಅಲ್ಲಿಲ್ದಿದ್ರೆ ದೊಡ್ಡರಂಗಪ್ಪನ ಟಗರು ಯಾವ ಊರಾಗೈತೋ ಅಲ್ಲಿ.”

ಕೇಳಿದ ಪ್ರಶ್ನೆ ಅದೇ. ಆದರೆ ಈಗ ಯಾರಿಗೂ ಅವಮಾನವಿರಲಿಲ್ಲ. ತಪ್ಪಿಸಿಕೊಳ್ಳುವುದು ಕುರಿಯ ಗುಣ, ಹುಡುಕುವುದು ಗಂಡಸಿನ ಗುಣ. ಕೇಳದವರೂ ಎದ್ದು ಬಂದು ಹೇಳಿದರು. ಅಂಜನ್‌ನ ಬೆರಳುಗಳಿಗೆ ಪುರಸೊತ್ತಿಲ್ಲದಂತಾಯಿತು. ಮುಂದಿನ ಕೆಲವು ದಿನ ಮಂದೆ ಬೀಡುಬಿಟ್ಟ ಹೊಲಗಳಿಗೆ ಹೋಗಿ ಕೇಳಿದೆವು. ಮೇಯಿಸಲು ಸಿರಾ ಕಡೆಗೆ, ಕೊರಟಗೆರೆ ಕಡೆಗೆ ಹೋದವರಿಗೆ ಫೋನ್ ಮಾಡಿ ಕೇಳಿದೆವು. ಬೊಮ್ಮಪ್ಪನವರನ್ನೂ ಕೇಳಿದೆ. ಅವರು ಮೀಸೆ ತಿರುವಿ, “ನಮ್ ಮಂದೆಯಿಂದ ಒಂದೂ ಆಚೆ ಹೋಗಾಕಿಲ್ಲ, ಆಚೇದು ಒಂದೂ ಒಳೀಕೆ ಬರಾಕಿಲ್ಲ” ಎಂದರು. ಅವರ ಚುಕ್ಕೆ ಪರದೆಯ ಅಂಚಿನಲ್ಲಿ ಒಂಟಿಯಾಗಿ ಉಳಿಯಿತು.

ಕೊನೆಯ ಗೆರೆ ಬಿದ್ದ ಮೇಲೆ ಆಸ್ಪತ್ರೆಯ ಜಗುಲಿಯಲ್ಲಿ ಅಂಜನ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ಇಪ್ಪತ್ತು ವರ್ಷ ಇದೇ ಧೂಳಿನಲ್ಲಿ ಓಡಾಡಿದ್ದೇನೆ. ಬಂಡೆ, ಜಾಲಿ, ಬೀಳು ಹೊಲ, ಅಲ್ಲೊಂದು ಇಲ್ಲೊಂದು ಹಟ್ಟಿ. ಎಲ್ಲ ತಮ್ಮ ಪಾಡಿಗೆ ತಾವಿವೆ ಎಂದುಕೊಂಡಿದ್ದೆ. ಈಗ ನೋಡಿದರೆ ನಾಲ್ಕು ತಾಲ್ಲೂಕಿನ ನೆಲದ ಮೇಲೆ ಯಾರೋ ಕೂತು ನೂಲು ತೆಗೆದ ಹಾಗೆ ಗೆರೆಗಳು. ಪಾವಗಡದ ಒಂದು ಹಟ್ಟಿಯ ಕುರಿಗೂ ಸಿರಾದ ಒಂದು ತೋಪಿನ ಕುರಿಗೂ ನಡುವೆ ಮೂರೇ ಗೆರೆ. ಪರದೆಯ ಅರ್ಧಕ್ಕರ್ಧ ಗೆರೆಗಳು ಒಂದೇ ಚುಕ್ಕೆಗೆ ಬಂದು ಸೇರುತ್ತಿದ್ದವು. ಆ ಚುಕ್ಕೆ ಪುಟ್ಟಕ್ಕ. ಕೆರೆ ಏರಿಯ ಮೇಲೆ ಆ ಹೆಸರು ಕೇಳುವವರೆಗೆ, ಆಸ್ಪತ್ರೆಯ ಮೆಟ್ಟಿಲು ಹತ್ತದ ಹಾಗೊಬ್ಬಳು ನನ್ನ ಹೋಬಳಿಯಲ್ಲಿ ಇದ್ದಾಳೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

“ಈಗ ರೋಗ ಬಿಡ್ತೀನಿ ನೋಡಿ” ಎಂದ ಅಂಜನ್.

ನಾಗಲಮಡಿಕೆಯ ಹತ್ತಿರದ ಒಂದು ಚುಕ್ಕೆ ಕೆಂಪಾಯಿತು. ಪಕ್ಕದ್ದು ಕೆಂಪಾಯಿತು. ನಿಧಾನವಾಗಿ, ಯಾವ ಆತುರವೂ ಇಲ್ಲದೆ, ಕೆಂಪು ಪುಟ್ಟಕ್ಕನ ಚುಕ್ಕೆಗೆ ಬಂತು. ಆಮೇಲೆ ತಡವಾಗಲಿಲ್ಲ. ಪರದೆಯೆಲ್ಲ ಕುಂಕುಮ ಚೆಲ್ಲಿದಂತಾಯಿತು. ಅವನು ಮತ್ತೆ ಶುರು ಮಾಡಿದ. ಈ ಸಲ ನನ್ನ ಐಸ್ ಬಾಕ್ಸಿನಲ್ಲಿದ್ದಷ್ಟೇ ಲಸಿಕೆಯನ್ನು ಬೊಮ್ಮಪ್ಪನ ಮಂದೆಗೆ ಹಾಕಿದ. ಬೊಮ್ಮಪ್ಪನ ಚುಕ್ಕೆಯೊಂದು ಹಸಿರಾಗಿ ಉಳಿದು, ಉಳಿದದ್ದೆಲ್ಲ ಮೊದಲಿನ ಹಾಗೇ ಕೆಂಪಾಯಿತು. ಮತ್ತೆ ಶುರು ಮಾಡಿದ. ಈ ಸಲ ಅಷ್ಟೇ ಲಸಿಕೆ, ಬೇರೆಯವರು ಹೆಸರು ಹೇಳಿದ ಮಂದೆಗಳಿಗೆ: ಪುಟ್ಟಕ್ಕ, ದೊಡ್ಡರಂಗಪ್ಪ, ಇನ್ನು ಕೆಲವರು. ಕೆಂಪು ಎರಡು ಹೆಜ್ಜೆ ಬಂತು. ಅತ್ತ ತಿರುಗಿತು, ಇತ್ತ ತಿರುಗಿತು. ಹೋಗಲು ದಾರಿಯಿರಲಿಲ್ಲ. ಅಲ್ಲೇ ಆರಿಹೋಯಿತು.

“ಇನ್ನೊಂದ್ಸಲ ತೋರಿಸಪ್ಪಾ” ಎಂದೆ. ಅವನು ತೋರಿಸಿದ. ಎಷ್ಟು ಸಲ ನೋಡಿದೆನೋ. ಹತ್ತರಲ್ಲಿ ಒಂಬತ್ತು ಪಾಲು ಕುರಿಗಳಿಗೆ ಸೂಜಿಯೇ ಮುಟ್ಟಿಲ್ಲ, ಆದರೂ ಅವು ಉಳಿಯುತ್ತಿದ್ದವು. ತಮ್ಮನ್ನು ಯಾರು ಕಾಪಾಡಿದರು ಎಂದು ಅವಕ್ಕೆ ಗೊತ್ತೂ ಆಗುವುದಿಲ್ಲ. ನನಗೆ ಮೈ ಜುಮ್ಮೆಂದಿತು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಆಗುವಂಥದ್ದು, ಸರ್ಕಾರಿ ಜಗುಲಿಯಲ್ಲಿ ಕೂತು ಆಯಿತು.

ಪುಟ್ಟಕ್ಕನ ಹಟ್ಟಿ ಗುಡ್ಡದ ಬುಡದಲ್ಲಿತ್ತು, ಮಂದೆಗಳೆಲ್ಲ ಹಾಯುವ ದಾರಿಯ ಮಗ್ಗುಲಲ್ಲೇ. ಅರವತ್ತು ದಾಟಿದ, ಎತ್ತರದ, ಗಟ್ಟಿ ದನಿಯ ಹೆಂಗಸು. ಇದ್ದದ್ದು ಒಂದಷ್ಟು ಹಾಲಿನ ಆಡು ಮಾತ್ರ. ಆದರೆ ರೊಪ್ಪದ ತುಂಬ ಕುರಿಮರಿಗಳು, ಒಂದೊಂದರ ಕೊರಳಲ್ಲೂ ಒಂದೊಂದು ಬಣ್ಣದ ಬಟ್ಟೆ ಚೂರು. ತಾಯಿ ಸತ್ತ ಮರಿ, ತಾಯಿ ಒಲ್ಲೆನೆಂದು ಒದ್ದ ಮರಿ, ಅವಳಿಯಲ್ಲಿ ಹಾಲು ಸಾಲದ ಮರಿ, ಎಲ್ಲವನ್ನೂ ಕುರಿಯವರು ತಂದು ಇವಳಿಗೆ ಒಪ್ಪಿಸುತ್ತಾರೆ. ಆಡಿನ ಹಾಲಿನಲ್ಲಿ ಬೆಳೆದು ಗಟ್ಟಿಯಾದ ಮೇಲೆ ಒಯ್ಯುತ್ತಾರೆ. ಒಯ್ದ ಮರಿಗೆ ಮಾತ್ರ ಈ ಜಾಗ ಮರೆಯುವುದಿಲ್ಲ. ದೊಡ್ಡದಾಗಿ, ತಾನೇ ಮರಿ ಹಾಕಿದ ಮೇಲೂ, ಮಂದೆ ಈ ದಾರಿಯಲ್ಲಿ ಹಾದರೆ ಸಾಕು, ತಪ್ಪಿಸಿಕೊಂಡು ಬಂದು ಇವಳ ರೊಪ್ಪದಲ್ಲಿ ನಿಲ್ಲುತ್ತದೆ.

“ನಾನು ಕುರೀಗಳ ಅಂಗನವಾಡಿ ಟೀಚರ್ರು ಕಣಮ್ಮ” ಎಂದು ಪುಟ್ಟಕ್ಕ ನಕ್ಕಳು. “ಮರಿ ತಂದ್ರೆ ಬ್ಯಾಡ ಅಂದೋಳಲ್ಲ ನಾನು. ನನಗಿಂತ ಮುಂಚೆ ನಮ್ಮತ್ತೆನೂ ಅಂದೋಳಲ್ಲ.”

ಈ ರೋಗ ಆಡುಗಳಿಗೂ ಬರುತ್ತದೆ; ಅವಕ್ಕೆಲ್ಲ ಲಸಿಕೆ ಹಾಕಿದೆ. ಆಮೇಲೆ ಕಷ್ಟದ ಮಾತು ತೆಗೆದೆ. ಲಸಿಕೆ ಹಿಡಿಯಲು ಎರಡು ವಾರ ಬೇಕು. ಮರಿಗಳಂತೂ ಇನ್ನೂ ಲಸಿಕೆ ಹಾಕುವ ವಯಸ್ಸಿನವಲ್ಲ. ಹೊಸ ಲಸಿಕೆ ಬಂದು ಸುತ್ತಲಿನ ಮಂದೆಗಳಿಗೆಲ್ಲ ಹಾಕುವವರೆಗೆ ಇಲ್ಲಿಂದ ಒಂದೂ ಆಚೆ ಹೋಗಬಾರದು, ಒಂದೂ ಒಳಗೆ ಬರಬಾರದು ಎಂದೆ.

ಅವಳ ಮುಖ ಗಂಟಿಕ್ಕಿತು. “ತಬ್ಬಲಿ ಮರೀನ ವಾಪಸ್ ಕಳ್ಸು ಅಂತೀಯಾ? ಯಾವ ಪುಸ್ತಕ್ದಾಗೆ ಬರ್ದವ್ರೆ ಅಂಗಂತ?”

ಅಂಜನ್ ಅವಳ ಪಕ್ಕ ನೆಲದ ಮೇಲೆ ಕೂತು ಪರದೆ ತೋರಿಸಿದ. ಇದು ನಿಮ್ಮ ರೊಪ್ಪ ಅಜ್ಜಿ, ಈ ಕೆಂಪು ರೋಗ. ಪುಟ್ಟಕ್ಕ ಬಗ್ಗಿ ನೋಡಿದಳು. ಕೆಂಪು ಬರುತ್ತಿರುವುದನ್ನು ನೋಡಿ, “ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಇಲ್ಲಿಗೇ ಬತ್ತೈತೆ ಬುಡು” ಎಂದಳು. ಬಂತು. ಅಲ್ಲಿಂದ ಸಿರಾಕ್ಕೆ, ಕೊರಟಗೆರೆಗೆ, ಮಧುಗಿರಿಯ ಹಟ್ಟಿ ಹಟ್ಟಿಗೆ ಹರಡಿತು. ಅವಳ ಹಾಲು ಕುಡಿದ ಮರಿಗಳು ಹೋದ ದಾರಿಯಲ್ಲೇ ಹೋಯಿತು.

“ಅಂದ್ರೆ ನಾನೇ ಕೊಲ್ತೀನಾ ಇವನ್ನೆಲ್ಲಾ?” ಅವಳ ದನಿ ಇಳಿದಿತ್ತು.

“ಈ ಕಡೆ ಇನ್ನೂ ಯಾವುದೂ ಸತ್ತಿಲ್ಲ ಪುಟ್ಟಕ್ಕ. ಅದಕ್ಕೇ ಓಡಿ ಬಂದಿದ್ದೀನಿ” ಎಂದೆ.

ಅವಳು ಎದ್ದು, ಒಂದು ದೊಡ್ಡ ಜಾಲಿ ಮುಳ್ಳಿನ ಕೊಂಬೆಯನ್ನು ಎಳೆದು ತಂದು ರೊಪ್ಪದ ಬಾಗಿಲಿಗೆ ಅಡ್ಡ ಹಾಕಿದಳು.

ಮರುದಿನ ಬೊಮ್ಮಪ್ಪ ಆಸ್ಪತ್ರೆಗೆ ನುಗ್ಗಿದರು. “ನನ್ ಮಂದೆ ಬುಟ್ಟು ಆ ಮುದುಕಿ ಆಡಿಗೆ ಹಾಕಿದ್ರಂತೆ! ಯಾಕೆ?”

“ತಪ್ಪಿಸಿಕೊಂಡ ಕುರೀನ ನಿಮ್ಮ ಮಂದೇಲಿ ಹುಡುಕ್ತೀವಿ ಅಂತ ಯಾರೂ ಹೇಳಲಿಲ್ಲ ಬೊಮ್ಮಪ್ಪನೋರೇ.”

“ಯಾರೂ ನನ್ ಹೆಸ್ರು ಹೇಳ್ಲಿಲ್ವಾ? ಒಬ್ನೂ?” ಸಿಟ್ಟಿಗಿಂತ ನೋವೇ ಜಾಸ್ತಿಯಾದಂತಿತ್ತು. ಆಮೇಲೆ ಸಿಟ್ಟು ನೆನಪಾಯಿತು. “ನನ್ನ ಒಂದು ಕುರಿ ಮೂಗು ಸೋರ್ಲಿ, ನೀವು ಈ ಊರಾಗೆ ಹೆಂಗೆ ಕೆಲ್ಸ ಮಾಡ್ತೀರೋ ನಾನೂ ನೋಡ್ತೀನಿ.” ಲೆಕ್ಕ ತಪ್ಪಿದರೆ ಅಂಜನ್ ತುಮಕೂರಿಗೆ ಹೋಗುತ್ತಾನೆ. ನಾನು ಇಲ್ಲೇ ಇರಬೇಕಲ್ಲ.

ವಾರ ಕಳೆದಿರಬಹುದು. ಲಸಿಕೆಯ ಮೇಲೆ ಆಡುಗಳಿಗೆ ಜ್ವರವೇನಾದರೂ ಬಂದಿದೆಯೇ ಎಂದು ನೋಡಲು ಪುಟ್ಟಕ್ಕನ ರೊಪ್ಪದೊಳಗೆ ಇದ್ದೆ. ಬೇಲಿಯ ಆಚೆಯಿಂದ ಸಣ್ಣಗೆ ಮರಿಯೊಂದರ ಕೂಗು ಕೇಳಿತು. ಮುತ್ತುರಾಜು ನಿಂತಿದ್ದ. ಪಾವಗಡದ ಗಡಿಯ ಕಡೆಯ, ಅರ್ಧ ತೆಲುಗು ಮಾತಿನ ಕುರಿಗಾಹಿ, ಮಂದೆಯನ್ನು ನಾಗಲಮಡಿಕೆಯ ಕಡೆ ಮೇಯಿಸಿಕೊಂಡು ಬಂದವನು. ಕಂಬಳಿಯೊಳಗೆ ಅಂಗೈಯಗಲದ ಕಪ್ಪು ಮರಿ.

“ಪುಟ್ಟಕ್ಕಾ, ಏಮಿ ಚೇಯಾಲಿ ಚೆಪ್ಪು, ಏನ್ ಮಾಡ್ಲಿ? ಇದ್ರ ತಲ್ಲಿ ಸತ್ತೋಯ್ತು. ನಿನ್ನೆಯಿಂದ ಹಾಲೇ ಕಂಡಿಲ್ಲ ಇದು.”

ಮರಿಯ ಕೂಗಿಗೆ ಒಳಗಿನ ಆಡೊಂದು ಕಿವಿ ನಿಮಿರಿಸಿ ಕೂಗಿತು. ಅದರ ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕತೊಡಗಿತು. ಪುಟ್ಟಕ್ಕನ ಕೈ ಆಗಲೇ ಮುಳ್ಳಿನ ಕೊಂಬೆಯ ಮೇಲಿತ್ತು.

“ತಾಯಿಗೆ ಏನಾಗಿತ್ತಪ್ಪಾ? ಮೂಗು ಸೋರ್ತಿತ್ತಾ?” ಎಂದು ಕೇಳಿದೆ.

ಮುತ್ತುರಾಜು ತಲೆ ತಗ್ಗಿಸಿದ. ಅಷ್ಟು ಸಾಕಾಗಿತ್ತು. ಅಂಜನ್‌ನ ಪರದೆಯ ಮೇಲಿನ ಕೆಂಪು ಚುಕ್ಕೆ ಕಂಬಳಿಯಲ್ಲಿ ಸುತ್ತಿಕೊಂಡು ನನ್ನೆದುರು ನಿಂತಿತ್ತು, ಅದಕ್ಕೆ ಕಣ್ಣುಗಳಿದ್ದವು.

“ಬೇಡ ಪುಟ್ಟಕ್ಕ” ಎಂದೆ.

“ಸಾಯ್ತೈತೆ ಕಣಮ್ಮ.”

“ಒಳಗೆ ಬಂದ್ರೂ ಅದು ಉಳಿಯೋದು ಕಷ್ಟ. ಒಳಗಿರೋ ಮರಿಗಳಿಗೂ ಹತ್ತುತ್ತೆ.”

“ಏನೇನು ಹತ್ತುತ್ತೋ ನನಗ್ಗೊತ್ತಿಲ್ಲ. ನೋಡಾಕಾಗ್ತಿಲ್ಲ ನನಗೆ.” ಕೊಂಬೆ ಹಿಡಿದ ಕೈಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಅವಳು ಎಳೆದಿದ್ದರೆ ಅವಳನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಅವಳು ಎಳೆಯಲಿಲ್ಲ. ಕೈ ಬಿಟ್ಟು, ಹಿಂದಕ್ಕೆ ಹೋಗಿ, ಹಾಲು ಸೋರುತ್ತಿದ್ದ ಆಡಿನ ಪಕ್ಕ ಕೂತು ಚೊಂಬಿಗೆ ಹಾಲು ಕರೆದಳು. ಬಂದು ಬೇಲಿಯ ಮೇಲಿಂದ ಕೈ ಎತ್ತರಕ್ಕೆ ಚಾಚಿ, “ನಿನ್ ಬಾಟ್ಲಿ ಹಿಡಿ ಮುತ್ತು. ಮುಟ್ಟಿಸ್ಬ್ಯಾಡ. ಮರಿ ಬರಾದು ಬ್ಯಾಡ, ಹಾಲು ಹೋಗ್ಲಿ” ಎಂದಳು. ಅವನು ನೀರಿನ ಬಾಟಲಿ ಹಿಡಿದ. ಮೇಲಿಂದ ಬಿದ್ದ ಹಾಲಿನಲ್ಲಿ ಅರ್ಧ ಬಾಟಲಿಗೆ, ಅರ್ಧ ನೆಲಕ್ಕೆ ಹೋಯಿತು. ಮರಿ ಬೇಲಿಯ ಕಡೆಗೇ ಕತ್ತು ತಿರುಗಿಸಿ ಕೂಗುತ್ತ ಹೋಯಿತು. ಕೇಳಿಸದಷ್ಟು ದೂರ ಹೋಗುವವರೆಗೆ ಪುಟ್ಟಕ್ಕ ಅಲ್ಲೇ ನಿಂತಿದ್ದಳು.

ಮುತ್ತುರಾಜು ದಿನಾ ಹಾಲಿಗೆ ಬಂದನಂತೆ. ಒಂದು ದಿನ ಬರಿಗೈಯಲ್ಲಿ ಬಂದು, ದಾರಿಯಲ್ಲೇ ನಿಂತು ಇನ್ನು ಬೇಡವೆಂದು ತಲೆ ಆಡಿಸಿ ಹೋದನಂತೆ. ಅವನ ಮಂದೆಗೆ ನಾನು ಔಷಧಿ ಹಿಡಿದು ಓಡಾಡಿದೆ. ಕೆಲವು ಉಳಿದವು, ಬಹಳಷ್ಟು ಸತ್ತವು. ಅವನ ಅಕ್ಕಪಕ್ಕದ ಮಂದೆಗಳಲ್ಲಿ, ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಒಂದೊಂದು ಮೂಗನ್ನೂ ಬಗ್ಗಿ ನೋಡಿದೆ. ಎಲ್ಲ ಒಣಗಿದ್ದವು.

ಬರಲಿಲ್ಲ. ಇದನ್ನು ಹೇಗೆ ಹೇಳಲಿ? ಬಂದಿದ್ದರೆ ಹೇಳಲು ಬೇಕಾದಷ್ಟಿರುತ್ತಿತ್ತು. ತಿಂಗಳಿಡೀ ನಾಲ್ಕು ತಾಲ್ಲೂಕಿನಲ್ಲಿ ಕುರಿಗಳು ಮೇದವು, ನೀರು ಕುಡಿದವು, ಮರಿ ಹಾಕಿದವು. ಪತ್ರಿಕೆಯವರು ಯಾರೂ ಬರಲಿಲ್ಲ, ಏಕೆಂದರೆ ಏನೂ ಆಗಿರಲಿಲ್ಲ. ಆ ಏನೂ ಆಗದ ತಿಂಗಳಷ್ಟು ದೊಡ್ಡದನ್ನು ನಾನು ನನ್ನ ಕೆಲಸದಲ್ಲಿ ಕಂಡಿಲ್ಲ. ನಮ್ಮ ಲೆಕ್ಕದಿಂದಲೇ ನಿಂತಿತು ಅಂತ ಆಣೆ ಮಾಡಿ ಹೇಳೋಕಾಗುತ್ತಾ ಎಂದು ಅಂಜನ್‌ನನ್ನು ಕೇಳಿದೆ. “ಆಗಲ್ಲ ಮೇಡಂ. ಪರದೆ ಮೇಲೆ ನೂರು ಸಲ ಓಡಿಸಿದ್ರೆ ತೊಂಬತ್ತಕ್ಕೂ ಹೆಚ್ಚು ಸಲ ಹೀಗೇ ನಿಲ್ಲುತ್ತೆ. ನೆಲದ ಮೇಲೆ ಒಂದೇ ಸಲ ಓಡೋದು” ಎಂದ. ಬೊಮ್ಮಪ್ಪನವರು ಮಾತ್ರ ಆಣೆ ಮಾಡಲು ಸಿದ್ಧರಿದ್ದರು. “ನೋಡಿದ್ರಾ? ಸೂಜಿ ಇಲ್ದೇನೇ ನನ್ ಕುರಿಗೆ ಏನೂ ಆಗ್ಲಿಲ್ಲ. ಯಾರ ಜತೀಗೂ ಸೇರಿಸ್ದಂಗೆ ಕಾಯ್ಬೇಕು. ಅದು ಮಂದೆ ಅಂದ್ರೆ” ಎಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದರು.

ಉಳಿದ ಲಸಿಕೆ ಬಂತು. ಮೊದಲು ಬೊಮ್ಮಪ್ಪನವರ ಮಂದೆಗೇ ಹಾಕಿದೆ; ಒಬ್ಬನೂ ನನ್ನ ಹೆಸರು ಹೇಳಲಿಲ್ಲವಾ ಎಂದು ಕೇಳಿದ ದಿನದ ಅವರ ಮುಖ ನಾನು ಮರೆತಿರಲಿಲ್ಲ. ಎಲ್ಲ ಮಂದೆಗಳೂ ಮುಗಿದು, ಅದು ಹಿಡಿಯಲು ಬೇಕಾದ ಎರಡು ವಾರವೂ ಕಳೆದ ಮೇಲೆ ನಾನೂ ಅಂಜನ್‌ನೂ ಪುಟ್ಟಕ್ಕನ ಹಟ್ಟಿಗೆ ಹೋದೆವು. ಒಳಗೆ ಮರಿಗಳು ದಪ್ಪಗಾಗಿದ್ದವು. ಅಂಜನ್ ಖುಷಿಯಿಂದ ಪರದೆ ತೋರಿಸಿದ, “ನೋಡಿ ಅಜ್ಜಿ, ಇಷ್ಟೂ ಹಸಿರು ಇವೆ.”

ಪುಟ್ಟಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ಇದ್ರಾಗೆ ಆ ಕರೀ ಮರಿ ಎಲ್ಲೈತೆ?”

ಅಂಜನ್ ನನ್ನ ಮುಖ ನೋಡಿದ. ಅವನ ಚುಕ್ಕೆಗಳು ಮಂದೆಗಳು. ಒಂದು ಮರಿಗೆ ಅಲ್ಲಿ ಜಾಗವಿರಲಿಲ್ಲ. ಅವನು ಏನೂ ವಿವರಿಸಲಿಲ್ಲ, ಒಳ್ಳೆಯ ಹುಡುಗ. ಮುತ್ತುರಾಜುವಿನ ಚುಕ್ಕೆಯ ಪಕ್ಕ ಒಂದು ಸಣ್ಣ ಚುಕ್ಕೆ ಇಟ್ಟ. ಅದರಿಂದ ಪುಟ್ಟಕ್ಕನ ಕಡೆಗೆ ಒಂದು ಗೆರೆ ಎಳೆಯುತ್ತ ಬಂದು, ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿದ.

ಪುಟ್ಟಕ್ಕ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಅವಳ ಬೆರಳಿನಷ್ಟೂ ಅಗಲವಿರಲಿಲ್ಲ ಅದು.

“ಇಷ್ಟೇಯಾ?” ಎಂದಳು.

“ಇಷ್ಟೇ ಅಜ್ಜಿ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಮುಚ್ಚಿಟ್ಟು ಏನು ಮಾಡಲಿ. ಆಮೇಲೆ ಅವಳು, “ಇನ್ನ ಬೇಲಿ ತೆಗೀಬೋದಾ?” ಎಂದಳು. ನಾನೇ ಹೋಗಿ ಕೊಂಬೆ ಹಿಡಿದು ಎಳೆದೆ. ಎಳೆದು ಪಕ್ಕಕ್ಕೆ ಹಾಕಿದೆನೋ ಇಲ್ಲವೋ, ದಾರಿಯಲ್ಲಿ ಹಾದುಹೋಗುತ್ತಿದ್ದ ದೊಡ್ಡ ಮಂದೆಯೊಂದರಿಂದ ಕುರಿಯೊಂದು ಸರ್ರನೆ ಕಿತ್ತುಕೊಂಡು ಓಡಿ ಬಂದು, ನನ್ನ ಮೊಣಕಾಲಿಗೆ ಗುದ್ದಿ, ರೊಪ್ಪದೊಳಗೆ ಹೋಗಿ ಪುಟ್ಟಕ್ಕನ ಕೈ ಮೂಸಿತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮೂರನೆಯದು.

“ಬಂದ್ರಾ ನನ್ ಮಕ್ಳಾ” ಎಂದಳು ಪುಟ್ಟಕ್ಕ.

ಅವುಗಳ ಹಿಂದೆ ಕೋಲು ಹಿಡಿದು ಓಡಿ ಬಂದ ಆಳು, ನನ್ನನ್ನು ಕಂಡದ್ದೇ ಗಕ್ಕನೆ ನಿಂತ. ಮಲ್ಲೇಶ್, ಬೊಮ್ಮಪ್ಪನವರ ಮಂದೆ ಕಾಯುವವನು. ಬೆವರುತ್ತ ಕೈ ಮುಗಿದ. “ಡಾಕ್ಟ್ರಮ್ಮ, ನಮ್ ಗೌಡ್ರಿಗೆ ಮಾತ್ರ ಹೇಳ್ಬ್ಯಾಡಿ. ತಾಯಿ ಸತ್ತ ಮರಿ ಕಣ್ಮುಂದೆ ಸಾಯಾದು ನೋಡಾಕಾಗಾಕಿಲ್ಲ ಅಂತ ವರ್ಷಾ ವರ್ಷಾ ಗೊತ್ತಾಗ್ದಂಗೆ ಇಲ್ಲಿ ತಂದು ಬುಡ್ತೀನಿ. ಈ ಸಲಾನೂ ಎರ್ಡು ಇಲ್ಲೇ ಅವೆ.”

ಆ ಕಪ್ಪು ಮರಿ ಈ ಬೇಲಿ ದಾಟಿದ್ದರೆ ರೋಗ ಯಾರ ಮಂದೆಗೆ ಹೋಗುತ್ತಿತ್ತು ಎಂದು ಲೆಕ್ಕ ಹಾಕುತ್ತ ಅಲ್ಲೇ ಕಲ್ಲಿನ ಮೇಲೆ ಕೂತೆ. ಅಂಜನ್ ಲ್ಯಾಪ್‌ಟಾಪ್ ತೆರೆದು, ಪರದೆಯ ಅಂಚಿನಲ್ಲಿ ಒಂಟಿಯಾಗಿದ್ದ ಬೊಮ್ಮಪ್ಪನವರ ಚುಕ್ಕೆಯಿಂದ ಪುಟ್ಟಕ್ಕನ ಚುಕ್ಕೆಯವರೆಗೆ ಒಂದು ಗೆರೆ ಎಳೆದ. ಈ ಗೆರೆ ಮುಟ್ಟಿತು.